ನದಿಯೇ ಇಲ್ಲದ ಬಂದರಿಗೆ ಮರಳುವ ಸಾಲ್ಮನ್

ಮಲ್ಪೆ ಬಂದರಿನಲ್ಲಾಗಲಿ, ಮಂಗಳೂರಿನ ದಕ್ಕೆಯಲ್ಲಾಗಲಿ, ಗುರುತು ಸಿಗದ ಮೀನೊಂದು ಬಲೆಗೆ ಬಿದ್ದರೆ ಅದರ ಫೋಟೋ ಮಧ್ಯಾಹ್ನದೊಳಗೆ ಊರಿಡೀ ಸುತ್ತುತ್ತದೆ. "ಇದೆಂಥ ಮೀನು ಮಾರಾಯ್ರೆ?" ಅಂತ ಒಬ್ಬರು ಕೇಳುತ್ತಾರೆ. ಇನ್ನೊಬ್ಬರು ಒಂದು ಹೆಸರು ಹೇಳುತ್ತಾರೆ. ಮತ್ತೊಬ್ಬರಿಗೆ ಅದನ್ನು ತಿನ್ನಬಹುದಾ ಅನ್ನುವ ಚಿಂತೆ. ಅಲ್ಲಿಗೆ ಮಾತು ಮುಗಿಯುತ್ತದೆ. ಅದು ಇಲ್ಲಿಗೆ ಯಾಕೆ ಬಂತು ಅಂತ ಕೇಳುವವರು ಕಡಿಮೆ. ನನಗೆ ಮಾತ್ರ ಆ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು ಅನಿಸುತ್ತದೆ. ಬರಬಾರದ ಜಾಗಕ್ಕೆ ಬಂದ ಮೀನು ನೀರಿನಲ್ಲಿ ಏನೋ ಬದಲಾಗಿದೆ ಅಂತ ಹೇಳುತ್ತಿರುತ್ತದೆ. ಈ ವಿಷಯವನ್ನು ಜಗತ್ತಿಗೆ ಚೆನ್ನಾಗಿ ಕಲಿಸಿಕೊಟ್ಟ ಮೀನು ಸಾಲ್ಮನ್.

ಸಾಲ್ಮನ್ ನಮ್ಮ ಕಡಲಿನದ್ದಲ್ಲ. ಉತ್ತರ ಅಟ್ಲಾಂಟಿಕ್ ಮತ್ತು ಉತ್ತರ ಪೆಸಿಫಿಕ್‌ನ ತಣ್ಣೀರಿನ ಮೀನು ಅದು. ನೀರು 20 ಡಿಗ್ರಿ ದಾಟಿದರೆ ಒದ್ದಾಡುತ್ತದೆ, 25ರ ಆಸುಪಾಸಿನಲ್ಲಿ ಜಾಸ್ತಿ ದಿನ ಬದುಕುವುದಿಲ್ಲ. ಪಣಂಬೂರಿನ ಎದುರಿನ ಕಡಲು ಬೇಸಿಗೆಯಲ್ಲಿ 30 ಡಿಗ್ರಿಯ ಹತ್ತಿರ ಹೋಗುತ್ತದೆ. ನಮ್ಮ ಮಾರ್ಕೆಟಿನಲ್ಲಿ 'ಇಂಡಿಯನ್ ಸಾಲ್ಮನ್' ಅಂತ ಮಾರುವ ರಾವಸ್ ಬೇರೆಯೇ ಕುಟುಂಬದ ಮೀನು. ಅದರ ಎದೆರೆಕ್ಕೆಯ ಕೆಳಗೆ ದಾರದಂಥ ನಾಲ್ಕು ಎಳೆಗಳಿರುತ್ತವೆ. ರಾವಸ್ ಕತೆಗೆ ಆಮೇಲೆ ಬರುತ್ತೇನೆ.

ಸಾಲ್ಮನ್ ಹುಟ್ಟುವುದು ತಣ್ಣಗಿನ ಹೊಳೆಯ ಜಲ್ಲಿಕಲ್ಲುಗಳ ನಡುವೆ. ಕೆಲವು ಜಾತಿಯ ಮರಿಗಳು ಕೆಲವೇ ವಾರಗಳಲ್ಲಿ, ಕೆಲವು ಒಂದೆರಡು ವರ್ಷ ಕಳೆದ ಮೇಲೆ ಸಮುದ್ರಕ್ಕೆ ಇಳಿಯುತ್ತವೆ. ಅಲ್ಲಿ ಸಾವಿರಾರು ಕಿಲೋಮೀಟರ್ ಅಲೆದು, ತಿಂದು, ಬೆಳೆದು, ಮೊಟ್ಟೆ ಇಡುವ ಹೊತ್ತಿಗೆ ಹುಟ್ಟಿದ ಹೊಳೆಗೇ ವಾಪಸ್ ಬರುತ್ತವೆ. ನಡುಗಡಲಿನಲ್ಲಿ ಅವಕ್ಕೆ ದಿಕ್ಕು ತೋರಿಸುವುದು ಭೂಮಿಯ ಕಾಂತಕ್ಷೇತ್ರ. ದಡದ ಹತ್ತಿರ ಬಂದ ಮೇಲೆ ಕೆಲಸ ಮಾಡುವುದು ಮೂಗು.

ಮೂಗಿನ ಈ ಗುಟ್ಟನ್ನು ಹಿಡಿದವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹ್ಯಾಸ್ಲರ್. ತಾನು ಬೆಳೆದ ಯೂಟಾ ರಾಜ್ಯದಲ್ಲಿ ಅವರು ಒಮ್ಮೆ ಬೆಟ್ಟ ಹತ್ತುತ್ತಿದ್ದರು. ಜಲಪಾತವೊಂದರ ಹತ್ತಿರ ಹಾವಸೆ ಮತ್ತು ಕಾಡುಹೂವಿನ ವಾಸನೆ ಗಾಳಿಯಲ್ಲಿ ತೇಲಿ ಬಂತು. ಮರೆತೇ ಹೋಗಿದ್ದ ಬಾಲ್ಯದ ನೆನಪುಗಳು ಒಮ್ಮೆಲೇ ನುಗ್ಗಿ ಬಂದವು. ಮೀನಿಗೂ ಹೀಗೇ ಆಗುತ್ತಿರಬಹುದಲ್ವಾ ಅಂತ ಅವರಿಗೆ ಹೊಳೆಯಿತು. 1951ರಲ್ಲಿ ವಾರೆನ್ ವಿಸ್ಬಿ ಜೊತೆ ಸೇರಿ ಈ ವಿಚಾರವನ್ನು ಪ್ರಕಟಿಸಿದರು. ಪ್ರತಿ ಹೊಳೆಗೂ ಅದರದ್ದೇ ಮಣ್ಣು, ಅದರದ್ದೇ ಗಿಡಗಂಟಿ, ಹಾಗಾಗಿ ಅದರದ್ದೇ ವಾಸನೆ. ಸಮುದ್ರಕ್ಕೆ ಇಳಿಯುವ ಮುಂಚಿನ ದಿನಗಳಲ್ಲಿ ಮರಿಯ ಮೈಯಲ್ಲಿ ಹಾರ್ಮೋನುಗಳು ಏರಿಳಿಯುತ್ತವೆ. ಆ ಹೊತ್ತಿನಲ್ಲಿ ಆ ವಾಸನೆ ಮಿದುಳಿನಲ್ಲಿ ಅಚ್ಚಾಗಿ ಉಳಿಯುತ್ತದೆ.

1970ರ ದಶಕದಲ್ಲಿ ಹ್ಯಾಸ್ಲರ್ ತಂಡ ಇದನ್ನು ಪರೀಕ್ಷೆ ಮಾಡಿಯೇ ನೋಡಿತು. ಕೋಹೋ ಸಾಲ್ಮನ್ ಮರಿಗಳ ತೊಟ್ಟಿಗೆ ಮಾರ್ಫೋಲಿನ್ ಎಂಬ ರಾಸಾಯನಿಕವನ್ನು ಚೂರೇ ಚೂರು ಬೆರೆಸಿದರು. ಇನ್ನೊಂದು ತೊಟ್ಟಿಗೆ ಬೇರೆ ರಾಸಾಯನಿಕ ಹಾಕಿದರು. ಆಮೇಲೆ ಮರಿಗಳನ್ನು ಮಿಶಿಗನ್ ಸರೋವರಕ್ಕೆ ಬಿಟ್ಟರು. ಮೀನು ಬೆಳೆದು ಮರಳುವ ಕಾಲಕ್ಕೆ ಒಂದು ಹೊಳೆಗೆ ಮಾರ್ಫೋಲಿನ್, ಮತ್ತೊಂದಕ್ಕೆ ಇನ್ನೊಂದು ರಾಸಾಯನಿಕವನ್ನು ತೊಟ್ಟಿಕ್ಕಿಸಿದರು. ಆ ಮೀನುಗಳು ಅದುವರೆಗೆ ಆ ಹೊಳೆಗಳನ್ನು ಕಂಡೇ ಇರಲಿಲ್ಲ. ಆದರೂ ಮರಳಿ ಸಿಕ್ಕ ಮೀನುಗಳಲ್ಲಿ ಬಹುಪಾಲು ತಮ್ಮ ತಮ್ಮ ವಾಸನೆಯ ಹೊಳೆಯನ್ನೇ ಹುಡುಕಿಕೊಂಡು ಬಂದವು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇಷ್ಟು ಗೊತ್ತಾದರೆ ಬಂದರುಗಳ ಕತೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಲಾಸ್ಕಾದ ಹೋಮರ್ ಎಂಬ ಊರಿನಲ್ಲಿ ಕಡಲೊಳಗೆ ಉದ್ದಕ್ಕೆ ಚಾಚಿದ ಒಂದು ನೆಲದ ಪಟ್ಟಿ ಇದೆ, ನಮ್ಮ ಕೋಡಿ ಬೆಂಗ್ರೆಯ ಹಾಗೆ. ಅದರ ಮೇಲೆ ಜನರೇ ತೋಡಿದ ಒಂದು ಕೊಳವಿದೆ. ಉಬ್ಬರ ಬಂದಾಗ ಕಡಲ ನೀರು ಒಳಗೆ ಬರುತ್ತದೆ. ಮೊಟ್ಟೆಕೇಂದ್ರದಲ್ಲಿ ಬೆಳೆಸಿದ ಸಾಲ್ಮನ್ ಮರಿಗಳನ್ನು ತಂದು ಅಲ್ಲಿ ಕೆಲವು ದಿನ ಇಟ್ಟು ಬಿಡುತ್ತಾರೆ. ಅವು ಪೆಸಿಫಿಕ್‌ನಲ್ಲಿ ಬೆಳೆದು ಅದೇ ಕೊಳಕ್ಕೆ ಮರಳುತ್ತವೆ. ಅಲ್ಲಿ ಹೊಳೆ ಇಲ್ಲ, ಜಲ್ಲಿ ಇಲ್ಲ, ಮೊಟ್ಟೆ ಇಡಲು ಜಾಗವೇ ಇಲ್ಲ. ಸುತ್ತ ಗಾಳ ಹಿಡಿದು ನಿಂತ ಜನ ಮಾತ್ರ ಇರುತ್ತಾರೆ. ಅವರಿಗೋಸ್ಕರವೇ ಆ ವ್ಯವಸ್ಥೆ. ಮೀನಿನ ನಂಬಿಕೆಯನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿ ಮತ್ತು ಹಾಫ್ ಮೂನ್ ಬೇ ಬಂದರುಗಳಲ್ಲೂ ಮರಿಗಳನ್ನು ಬಲೆಯ ಪಂಜರಗಳಲ್ಲಿ ಇಟ್ಟು ಬಿಡುವ ರೂಢಿ ಇದೆ. ಎರಡು ಮೂರು ವರ್ಷ ಕಳೆದ ಮೇಲೆ ದೋಣಿ ಕಟ್ಟುವ ಕಂಬಗಳ ನಡುವೆ ದಪ್ಪ ದಪ್ಪ ಚಿನೂಕ್ ಸಾಲ್ಮನ್‌ಗಳು ಸುತ್ತತೊಡಗುತ್ತವೆ. ನೋಡಿದವರಿಗೆ ಬೆರಗು. 2014ರ ಬರಗಾಲದಲ್ಲಿ ಅಲ್ಲಿನ ನದಿಗಳು ಬತ್ತಿ ಬಿಸಿಯಾದವು. ಆಗ ಲಕ್ಷಾಂತರ ಮರಿಗಳನ್ನು ಟ್ಯಾಂಕರ್ ಲಾರಿಗಳಲ್ಲಿ ನೂರಾರು ಕಿಲೋಮೀಟರ್ ಸಾಗಿಸಿ ಸಮುದ್ರದ ಹತ್ತಿರ ಬಿಟ್ಟರು. ಮರಿಗಳು ಬದುಕಿದವು. ಆದರೆ ದಾರಿಯುದ್ದಕ್ಕೂ ಮೂಸಿಕೊಂಡು ಬರಬೇಕಾದ ವಾಸನೆಗಳು ಅವಕ್ಕೆ ಸಿಗಲಿಲ್ಲ. ದೊಡ್ಡವಾಗಿ ಮರಳಿದಾಗ ತುಂಬಾ ಮೀನು ದಾರಿ ತಪ್ಪಿ ಬೇರೆ ಬೇರೆ ಹೊಳೆ ಸೇರಿದವು.

ದಾರಿ ತಪ್ಪುವುದು ಪೂರ್ತಿ ದೋಷವೇನೂ ಅಲ್ಲ. ಪ್ರತಿ ತಲೆಮಾರಿನಲ್ಲೂ ಒಂದಿಷ್ಟು ಸಾಲ್ಮನ್ ಬೇರೆ ಹೊಳೆಗೆ ಹೋಗುತ್ತವೆ. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದು ಟೌಟ್ಲ್ ನದಿ ಬೂದಿ, ಕೆಸರಿನಿಂದ ತುಂಬಿಹೋಯಿತು. ಆ ವರ್ಷ ಮರಳಿದ ಮೀನುಗಳಲ್ಲಿ ಅನೇಕವು ಪಕ್ಕದ ನದಿಗಳಿಗೆ ತಿರುಗಿದವು. ಹಟ ಹಿಡಿದಿದ್ದರೆ ವಂಶವೇ ಮುಗಿಯುತ್ತಿತ್ತು.

ಇನ್ನು ಕೆಲವು ಸಲ ಮೀನು ದಡಕ್ಕೆ ಬರುವುದಕ್ಕೂ ನೆನಪಿಗೂ ಸಂಬಂಧ ಇರುವುದಿಲ್ಲ, ಬರೀ ಹಸಿವು. ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಪೆಸಿಫಿಕಾ ಊರಿನ ಕಡಲಸೇತುವೆಯ ಮೇಲೆ ನಿಂತೇ ಜನ ಬೇಸಿಗೆಯಲ್ಲಿ ಸಾಲ್ಮನ್ ಹಿಡಿಯುತ್ತಾ ಬಂದಿದ್ದಾರೆ. ಉತ್ತರದಿಂದ ಬೀಸುವ ಗಾಳಿ ಮೇಲ್ನೀರನ್ನು ದಡದಿಂದ ಆಚೆಗೆ ಸರಿಸುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಏರಿ ಬರುತ್ತದೆ. ಅದರ ಪೋಷಕಾಂಶದಿಂದ ಪ್ಲವಕ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು, ಬೆಳೆಯುತ್ತದೆ, ಅದನ್ನು ತಿನ್ನಲು ಆಂಚೊವಿ ಎಂಬ ಸಣ್ಣ ಮೀನಿನ ದಂಡು ಬರುತ್ತದೆ, ಅದರ ಹಿಂದೆ ಸಾಲ್ಮನ್. ದಂಡು ದಡಕ್ಕೆ ಒತ್ತಿಕೊಂಡ ದಿನ ಸೇತುವೆಯ ಮೇಲೆ ಜಾತ್ರೆ.

ಆಳದ ನೀರು ಮೇಲೇಳುವ ಇದೇ ಕ್ರಿಯೆ ನಮ್ಮ ಕರಾವಳಿಯಲ್ಲೂ ನಡೆಯುತ್ತದೆ, ಮಳೆಗಾಲದ ತಿಂಗಳುಗಳಲ್ಲಿ. ಬೂತಾಯಿ, ಬಂಗುಡೆಯ ಬೆಳೆ ನಿಂತಿರುವುದು ಇದರ ಮೇಲೆಯೇ. ಆದರೆ ಅರಬ್ಬಿ ಸಮುದ್ರದ ಆಳದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಅದು ದಡದ ಕಡೆ ಏರಿ ಬಂದಾಗ ಮೇಲೆ ಮಳೆಯ ಸಿಹಿನೀರಿನ ತೆಳು ಪದರ ಮುಚ್ಚಿಕೊಂಡಿರುತ್ತದೆ. ಗಾಳಿಯ ಆಮ್ಲಜನಕ ಕೆಳಗೆ ಇಳಿಯುವುದಿಲ್ಲ. 2000ರಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಸಂಗಡಿಗರು ಪಶ್ಚಿಮ ಕರಾವಳಿಯ ಈ ಉಸಿರುಗಟ್ಟುವ ನೀರು ತೀವ್ರವಾಗುತ್ತಿದೆ ಅಂತ ಬರೆದರು. ಅಂಥ ಹೊತ್ತಿನಲ್ಲಿ ತಳದ ಮೀನು, ಸಿಗಡಿಗಳಿಗೆ ಓಡಲು ಇರುವ ದಾರಿ ಎರಡೇ. ಮೇಲಕ್ಕೆ, ಇಲ್ಲವೇ ದಡಕ್ಕೆ. ನಾಡದೋಣಿಯವರು ಮಳೆಗಾಲದಲ್ಲಿ ತೂಫಾನಿಗೆ ಕಾಯುತ್ತಾರೆ. ಕಡಲು ಒಮ್ಮೆ ಅಡಿಮೇಲಾದರೆ ಮೀನು ಹತ್ತಿರ ಬರುತ್ತದೆ ಅನ್ನುವುದು ಅವರ ತಲೆತಲಾಂತರದ ಅನುಭವ. ಕಡಲು ಓದುವ ಈ ಜ್ಞಾನವನ್ನು ನಾವು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು.

ತಪ್ಪಿಸಿಕೊಂಡ ಮೀನುಗಳದ್ದು ಬೇರೆ ಕತೆ. 2017ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಸೈಪ್ರೆಸ್ ದ್ವೀಪದ ಬಳಿ ಸಾಕಣೆಯ ಪಂಜರವೊಂದು ಕುಸಿಯಿತು. ಸುಮಾರು 2.5 ಲಕ್ಷ ಅಟ್ಲಾಂಟಿಕ್ ಸಾಲ್ಮನ್ ಪೆಸಿಫಿಕ್ ನೀರಿಗೆ ಬಿದ್ದವು. ಗಾಳಕ್ಕೆ ಸಿಕ್ಕ ಅಪರಿಚಿತ ಮೀನಿನ ಕಿವಿರಿನ ಮುಚ್ಚಳದ ಮೇಲಿನ ದೊಡ್ಡ ಚುಕ್ಕೆಗಳೇ ಅದು ಹೊರಗಿನದ್ದು ಅಂತ ಹೇಳುತ್ತಿದ್ದವು. ಮರುವರ್ಷವೇ ಆ ರಾಜ್ಯ ಅಂಥ ಸಾಕಣೆಯನ್ನು ಹಂತಹಂತವಾಗಿ ನಿಲ್ಲಿಸುವ ಕಾನೂನು ತಂದಿತು. ಉಡುಪಿ ಜಿಲ್ಲೆಯಲ್ಲೂ ಪಂಜರ ಕೃಷಿ ಬೆಳೆಯುತ್ತಿದೆ. ಇಲ್ಲಿ ಸಾಕುವ ಸೀಬಾಸ್ ಈ ನೀರಿನದ್ದೇ ಮೀನು ಅನ್ನುವುದು ಸಮಾಧಾನ. ನಾರ್ವೆಯವರಿಗೆ ಆ ಸಮಾಧಾನ ಇಲ್ಲ. 1950ರ ದಶಕದಿಂದ ಸೋವಿಯತ್ ಒಕ್ಕೂಟ ರಷ್ಯಾದ ಉತ್ತರದ ಬಿಳಿ ಸಮುದ್ರಕ್ಕೆ ಸೇರುವ ನದಿಗಳಿಗೆ ಪೆಸಿಫಿಕ್‌ನ ಪಿಂಕ್ ಸಾಲ್ಮನ್ ಬಿಟ್ಟಿತ್ತು. ಅದರ ಸಂತತಿ 2017ರಿಂದ ಈಚೆಗೆ ಬೆಸ ವರ್ಷಗಳಲ್ಲಿ ನಾರ್ವೆ ನದಿಗಳಿಗೆ ದಂಡುಗಟ್ಟಿ ನುಗ್ಗುತ್ತಿದೆ, ಸ್ಕಾಟ್ಲೆಂಡ್‌ನಲ್ಲೂ ಕಾಣಿಸಿಕೊಂಡಿದೆ.

ಸಂತೋಷದ ಸುದ್ದಿ ತಂದ ಮೀನೂ ಒಂದಿದೆ. 1974ರಲ್ಲಿ ಲಂಡನ್ ದಾಟಿ ಹರಿದ ಮೇಲಿನ ಥೇಮ್ಸ್ ನದಿಯ ವೆಸ್ಟ್ ಥರಕ್ ವಿದ್ಯುತ್ ಸ್ಥಾವರದಲ್ಲಿ, ನೀರು ಎಳೆದುಕೊಳ್ಳುವ ಜಾಲರಿಗೆ ಒಂದು ಸಾಲ್ಮನ್ ಸಿಕ್ಕಿತು. ಕೊಳಚೆಯಿಂದ ಸತ್ತಿದ್ದ ಆ ನದಿಯಲ್ಲಿ 1830ರ ದಶಕದ ನಂತರ ಸಾಲ್ಮನ್ ಕಂಡಿರಲೇ ಇಲ್ಲ. ಆಮೇಲೆ ವರ್ಷಗಟ್ಟಲೆ ಮರಿಗಳನ್ನು ಬಿಟ್ಟರು. ಆದರೆ 2011ರಲ್ಲಿ ಬಂದ ಡಿಎನ್‌ಎ ಅಧ್ಯಯನ ಬೇರೆಯೇ ಹೇಳಿತು. ಈಚೆಗೆ ಥೇಮ್ಸ್‌ಗೆ ಬರುತ್ತಿದ್ದವು ಬಿಟ್ಟ ಮರಿಗಳ ಸಂತತಿ ಅಲ್ಲ, ದಕ್ಷಿಣ ಇಂಗ್ಲೆಂಡಿನ ಬೇರೆ ನದಿಗಳಿಂದ ದಾರಿ ತಪ್ಪಿದವು. ನೀರು ಶುದ್ಧವಾದರೆ ಮೀನು ತಾನೇ ಹುಡುಕಿಕೊಂಡು ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಒಂದು ಮೀನಿನಿಂದ ಇಷ್ಟೆಲ್ಲ ಹೇಗೆ ತಿಳಿಯುತ್ತದೆ? ಅಮೆರಿಕದ ಪಶ್ಚಿಮ ತೀರದಲ್ಲಿ ಮೊಟ್ಟೆಕೇಂದ್ರದ ಅನೇಕ ಮರಿಗಳ ಬೆನ್ನಿನ ಹಿಂಭಾಗದ ಪುಟ್ಟ ರೆಕ್ಕೆಯನ್ನು ಕತ್ತರಿಸಿರುತ್ತಾರೆ. ಮೂಗಿನೊಳಗೆ ಸುಮಾರು 1 ಮಿಲಿಮೀಟರ್ ಉದ್ದದ ಲೋಹದ ತಂತಿ ಇಟ್ಟಿರುತ್ತಾರೆ. ಅದರ ಮೇಲೆ ಸಂಕೇತ ಕೊರೆದಿರುತ್ತದೆ. ಅಂಥ ಮೀನು ಹಿಡಿದವರಿಂದ ತಲೆಯನ್ನು ಸಂಗ್ರಹಿಸುತ್ತಾರೆ. ತಂತಿ ಇಲ್ಲದಿದ್ದರೂ ಚಿಂತೆಯಿಲ್ಲ. ಮೀನಿನ ಕಿವಿಯೊಳಗಿನ ಕಲ್ಲಿನಂಥ ಮೂಳೆಯಲ್ಲಿ ದಿನದಿನಕ್ಕೂ ಪದರ ಕೂಡುತ್ತದೆ. ಉಪ್ಪುನೀರಿನಲ್ಲಿದ್ದಾಗ ಅದರಲ್ಲಿ ಸ್ಟ್ರಾನ್ಷಿಯಮ್ ಜಾಸ್ತಿ, ಸಿಹಿನೀರಿನಲ್ಲಿ ಕಡಿಮೆ. ಮೀನು ಎಲ್ಲೆಲ್ಲಿ ಎಷ್ಟು ಕಾಲ ಇತ್ತು ಅನ್ನುವುದು ಅದರಲ್ಲೇ ಬರೆದಿರುತ್ತದೆ.

ಈ ಮೂಳೆ ನಮ್ಮ ರಾವಸ್‌ಗೂ ಇದೆ. ರಾವಸ್ ಅಳಿವೆಯ ಕೆಸರುನೀರಿಗೆ ಸಿಗಡಿ ಹುಡುಕಿ ಬರುವ ಮೀನು. ಮೊದಲು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅಂದರೆ ದೊಡ್ಡ ರಾವಸ್‌ಗಳನ್ನೇ ಆರಿಸಿ ಹಿಡಿದರೆ ಮೊಟ್ಟೆ ಇಡುವವೇ ಖಾಲಿ. ನೇತ್ರಾವತಿ–ಫಲ್ಗುಣಿ ಅಳಿವೆಯ ಎಷ್ಟು ಪಾಲು ಅದರ ಬಾಲ್ಯದಲ್ಲಿದೆ ಅಂತ ಆ ಪುಟ್ಟ ಮೂಳೆ ಹೇಳಬಲ್ಲದು. ಟ್ರಾಲ್ ಬಲೆ ತುಂಬಿ ಬರುವ, ಬೋಟಿನವರನ್ನು ಕಂಗಾಲು ಮಾಡುವ ಕೆಂಪು ಹಲ್ಲಿನ ಕಾರ್ಗಿಲ್ ಮೀನಿನ ಲೆಕ್ಕವೂ ಹೀಗೇ ಸಿಗಬಹುದು.

ಈ ಮೂಳೆಯನ್ನು ಓದಬಲ್ಲವರು ನಮ್ಮೂರಲ್ಲೇ ಇದ್ದಾರೆ. 1969ರಲ್ಲಿ ಶುರುವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲಿದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಹಾಗಾಗಿ ಮುಂದಿನ ಸಲ ಗುರುತು ಸಿಗದ ಮೀನು ಸಿಕ್ಕರೆ ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ, ರೆಕ್ಕೆಗಳನ್ನು ಬಿಡಿಸಿ. ಹಿಡಿದ ಜಾಗ, ತಾರೀಕು, ಎಷ್ಟು ಮಾರು ಆಳ ಅನ್ನುವುದನ್ನು ಬರೆದಿಡಿ. ಸಾರಿಗೆ ಹಾಕುವುದಾದರೂ ಪರವಾಗಿಲ್ಲ, ತಲೆಯನ್ನು ಮಾತ್ರ ಐಸ್‌ನಲ್ಲಿಟ್ಟು ಅವರಿಗೆ ತಲುಪಿಸಿ.