ಬಂಜೆತನ: ದೇಹದ್ದೆಷ್ಟು, ಊರಿನದ್ದೆಷ್ಟು

‘ಬಂಜೆ ವ್ಯವಸ್ಥೆ’, ‘ಬಂಜೆ ರಾಜಕಾರಣ’ ಅಂತ ಬರೆಯುವುದು ಇತ್ತೀಚೆಗೆ ಜಾಸ್ತಿಯಾಗಿದೆ. ಕೆಲಸಕ್ಕೆ ಬಾರದ್ದು ಅನ್ನೋಕೆ ಹೆಂಗಸಿನ ದೇಹವೇ ಬೇಕಾ?

ಬಂಜೆ ಸಂಸ್ಕೃತದ ‘ವಂಧ್ಯಾ’ದ ತದ್ಭವ. ಹೀಗೆ ಬಳಸುವ ಚಾಳಿ ಹೊಸದೇನಲ್ಲ. ಎಂದೂ ಇರಲಾರದ್ದಕ್ಕೆ ವೇದಾಂತಿಗಳು ಕೊಡುವ ಉದಾಹರಣೆ ಮೊಲದ ಕೊಂಬು, ಆಕಾಶದ ಹೂವು, ಜೊತೆಗೆ ವಂಧ್ಯಾಪುತ್ರ, ಅಂದರೆ ಬಂಜೆಯ ಮಗ. ಅಕ್ಕಮಹಾದೇವಿಯ ‘ಬಂಜೆ ಬೇನೆಯನರಿವಳೆ’ ನಮಗೆಲ್ಲ ಬಾಯಿಪಾಠ. ಅಕ್ಕನ ಅಳಲು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಅಳಲು ನಮಗೆ ಮುಟ್ಟಬೇಕಾದರೆ ಬಂಜೆ ಬೇನೆಯೇ ಗೊತ್ತಿಲ್ಲದವಳಾಗಿ ನಿಲ್ಲಬೇಕು, ಸೀಮಂತಕ್ಕೆ ಕರೆಯದೆ ಬಿಟ್ಟಾಗ ಅವಳಿಗಾಗುವ ನೋವಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಇನ್ನೇನನ್ನೋ ಹೇಳಲು ದೇಹದ ಕೊರತೆಯನ್ನು ಊರುಗೋಲು ಮಾಡಿಕೊಳ್ಳುವ ಈ ರೀತಿಯನ್ನು ಅಂಗವೈಕಲ್ಯ ಅಧ್ಯಯನದ ವಿದ್ವಾಂಸರಾದ ಡೇವಿಡ್ ಮಿಚೆಲ್ ಮತ್ತು ಶರನ್ ಸ್ನೈಡರ್ 2000ರ ತಮ್ಮ ಪುಸ್ತಕದಲ್ಲಿ ‘ನೆರೇಟಿವ್ ಪ್ರಾಸ್ತೆಸಿಸ್’ (ಕಥನದ ಕೃತಕ ಅಂಗ) ಎಂದು ಕರೆದರು.

ಅಂಗವೈಕಲ್ಯ ಅಧ್ಯಯನದಲ್ಲಿ ಊನ ಬೇರೆ, ವೈಕಲ್ಯ ಬೇರೆ: ಊನ ದೇಹದ್ದು, ವೈಕಲ್ಯ ಸಮಾಜ ಒಡ್ಡುವ ಅಡ್ಡಿ. ಗರ್ಭನಾಳ ಮುಚ್ಚಿಕೊಂಡಿರುವುದು ಊನ. ಮಡಿಲು ತುಂಬಲು ಕರೆಯದಿರುವುದು, ಮಗುವನ್ನು ಎತ್ತಿಕೊಂಡರೆ ದೃಷ್ಟಿಯಾಗುತ್ತದೆ ಅನ್ನುವುದು, ಗಂಡನಿಗೆ ಇನ್ನೊಂದು ಮದುವೆ ಮಾಡಿಸುವುದು, ಇವು ಊರು ಮಾಡಿದ ವೈಕಲ್ಯ. ಬಂಜೆಯಾದ ಹೆಂಡತಿ ಇರುವಾಗಲೇ ಎಂಟನೇ ವರ್ಷದಲ್ಲಿ ಇನ್ನೊಬ್ಬಳನ್ನು ತರಬಹುದು ಅನ್ನುತ್ತದೆ ಮನುಸ್ಮೃತಿ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ವೈಕಲ್ಯಗಳಲ್ಲಿ ಬಂಜೆತನ ಇಲ್ಲ. ಆದರೆ ಸಾಹಿತ್ಯ ಓದುವಾಗ ಬಂಜೆತನವನ್ನು ವೈಕಲ್ಯವಾಗಿ ನೋಡಲು ಆ ಪಟ್ಟಿಗೆ ಕಾಯಬೇಕಿಲ್ಲ.

ಇನ್ನೊಂದು ಗೊಂದಲವಂತೂ ಸಾಕಾಗಿದೆ. ಮಕ್ಕಳಾಗದ ಗಂಡಸು ಅಂದರೆ ‘ಷಂಡ’ ಅಲ್ಲ. ಷಂಡತನ ಸಂಭೋಗಕ್ಕೆ ಸಂಬಂಧಿಸಿದ್ದು. ವೀರ್ಯಾಣು ಕಡಿಮೆ ಇರುವವನಿಗೆ ಆ ತೊಂದರೆ ಇರಲೇಬೇಕು ಅಂತೇನಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಬಂಜೆತನಕ್ಕೆ ಕೊಡುವ ವ್ಯಾಖ್ಯೆಯಲ್ಲಿ ಹೆಣ್ಣು-ಗಂಡು ಇಬ್ಬರೂ ಇದ್ದಾರೆ: ಗರ್ಭನಿರೋಧಕವಿಲ್ಲದೆ 12 ತಿಂಗಳು ಅಥವಾ ಹೆಚ್ಚು ಕಾಲ ನಿಯಮಿತವಾಗಿ ಕೂಡಿದರೂ ಗರ್ಭ ನಿಲ್ಲದಿರುವುದು. ಆದರೂ ಆಸ್ಪತ್ರೆಗೆ ಮೊದಲು ಹೋಗುವುದು ಸೊಸೆಯೇ, ಅಲ್ವಾ?

ಪೆರುಮಾಳ್ ಮುರುಗನ್ ಅವರ ತಮಿಳು ಕಾದಂಬರಿ ‘ಮಾದೊರುಬಾಗನ್’ (2010) ಓದಿದರೆ ಇದೆಲ್ಲ ಒಟ್ಟಿಗೆ ಕಾಣುತ್ತದೆ. ಕಾಳಿ, ಪೊನ್ನಾ ಒಬ್ಬರನ್ನೊಬ್ಬರು ತುಂಬ ಪ್ರೀತಿಸುವ, ಮಕ್ಕಳಿಲ್ಲದ ಗಂಡ-ಹೆಂಡತಿ. ಊರು ಅವಳನ್ನು ಬಂಜೆ ಅನ್ನುತ್ತದೆ, ಅವನ ಗಂಡಸುತನವನ್ನು ಆಡಿಕೊಳ್ಳುತ್ತದೆ. ಅದನ್ನು ಬಂಜೆತನದ ಕಾದಂಬರಿ ಅಂತ ಪರಿಚಯಿಸುವವರು ಊರಿನ ಮಾತನ್ನೇ ವೈದ್ಯರ ವರದಿ ಅಂದುಕೊಂಡಿದ್ದಾರೆ.