ಪದ ಪರಿಚಯ: ಬೊಜ್ಜು

ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಗೆಂದು ಬೆಂಗಳೂರಿನಿಂದ ವಿರಾಜಪೇಟೆಗೆ ಬಂದ ನನ್ನ ತಂಗಿಯ ಕೆನ್ನೆ ಸವರಿ ದೊಡ್ಡಮ್ಮ, ‘ಈಗ ಮೈ ಕೈ ತುಂಬಿಕೊಂಡು ಲಕ್ಷಣವಾಗಿದ್ದೀಯ’ ಎಂದರು. ಅದೇ ವಾರ ರಕ್ತಪರೀಕ್ಷೆಗೆ ಹೋದ ಕಡೆ ಅವಳ ಎತ್ತರ, ತೂಕ ನೋಡಿದವರು ಚೀಟಿಯ ಮೇಲೆ ಒಂದು ಸಂಖ್ಯೆ, ಅದರ ಪಕ್ಕ ‘ಒಬೆಸಿಟಿ’ ಎಂದು ಬರೆದು, ‘ಬಾಯಿಗೆ ಬೀಗ ಹಾಕಿ’ ಎಂದು ಹೇಳಿ ಕಳುಹಿಸಿದರು. ಆ ರಾತ್ರಿ ಅವಳು ಊಟಕ್ಕೆ ಏಳಲಿಲ್ಲ. ಒಂದೇ ಮೈಗೆ ಒಂದೇ ವಾರದಲ್ಲಿ ಹೊಗಳಿಕೆಯೂ ಸಿಕ್ಕಿತು, ಛೀಮಾರಿಯೂ ಸಿಕ್ಕಿತು. ‘ಬೊಜ್ಜು’ ಎಂಬ ಪದದ ಬಗ್ಗೆ ಬರೆಯಬೇಕೆನಿಸಿದ್ದು ಅಂದೇ.

ದಪ್ಪ ಮೈಗೆ ಕನ್ನಡದಲ್ಲಿ ಹೆಸರು ಒಂದೆರಡಲ್ಲ. ‘ಕೊಬ್ಬು’ ಎಂದರೆ ಮಾಂಸದ ಮೇಲಿನ ಬಿಳಿ ಪದರವೂ ಹೌದು, ಸೊಕ್ಕೂ ಹೌದು. ‘ಅವನಿಗೆ ಕೊಬ್ಬು’ ಎಂದಾಗ ತೂಕದ ಮಾತೇ ಇರುವುದಿಲ್ಲ. ‘ಸ್ಥೂಲ’ ಸಂಸ್ಕೃತದಿಂದ ಬಂದದ್ದು, ಗಾತ್ರವನ್ನಷ್ಟೇ ಹೇಳುತ್ತದೆ. ಒಬೆಸಿಟಿಯ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ‘ತಿಂದು ತಿಂದು ಕೊಬ್ಬಿದ’ ಎಂಬುದು ಅದರ ಅರ್ಥ. ಅಂದರೆ ಆರೋಪ ಆ ಪದದ ಒಳಗೇ ಕುಳಿತಿದೆ. ನಮ್ಮ ‘ಬೊಜ್ಜು’ ಬೇರೆ ಬಗೆಯದು. ತೋಳು ದಪ್ಪವಾದರೆ ದಪ್ಪ ಎನ್ನುತ್ತೇವೆ. ‘ಬೊಜ್ಜು ಬಂದಿದೆ’ ಎನ್ನುವಾಗ ಮಾತ್ರ ಕೈ ತಾನಾಗಿ ಹೊಟ್ಟೆಗೆ ಹೋಗುತ್ತದೆ.

ದೊಡ್ಡಮ್ಮನ ಹೊಗಳಿಕೆ ಬರಿಯ ಪ್ರೀತಿಯ ಮಾತಲ್ಲ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ಮಾಸ ಕೊಡಗಿನಲ್ಲಿ ಜಡಿಮಳೆಯ, ನಾಟಿಯ ಕಾಲ. ಹೊಸ ಭತ್ತ ಮನೆಗೆ ಬರಲು ಹುತ್ತರಿಯೇ ಆಗಬೇಕು. ಭತ್ತದ ಪತ್ತಾಯದ ತಳ ಕಾಣುವ ಆ ದಿನಗಳಲ್ಲಿ ಕಣಿಲೆ (ಎಳೆ ಬಿದಿರು), ಕೆಸುವಿನ ಸೊಪ್ಪು, ಗದ್ದೆಯ ಏಡಿ ಜನರನ್ನು ಕಾಯುತ್ತಿದ್ದವು. ದಿನವಿಡೀ ಕೆಸರಿನಲ್ಲಿ ನಿಲ್ಲುವವರಿಗೆ ಹಂದಿಮಾಂಸದ ಕೊಬ್ಬೆಂದರೆ ಮೈಯ ಬಿಸಿ, ಮರುದಿನದ ಶಕ್ತಿ. ಅಂಥ ಕಾಲದಲ್ಲಿ ತುಂಬಿದ ಮೈ ಎಂದರೆ ಆ ಮನೆಯಲ್ಲಿ ಹಸಿವಿಲ್ಲ ಎಂದರ್ಥ. ಈಗ ನಾಟಿ ಕಡಿಮೆಯಾಗಿದೆ, ತೋಟಕ್ಕೆ ಜೀಪು ಹೋಗುತ್ತದೆ, ತಟ್ಟೆಯ ಅಕ್ಕಿಯೊಟ್ಟಿ (ಅಕ್ಕಿರೊಟ್ಟಿ), ಕಡಂಬುಟ್ಟುಗಳ (ಅಕ್ಕಿಯ ಕಡುಬು) ಲೆಕ್ಕ ಮಾತ್ರ ಹಾಗೆಯೇ ಉಳಿದಿದೆ. ಹೊಗಳಿಕೆಯ ಮಾತೂ ಉಳಿದಿದೆ.

ದಪ್ಪ ಮೈಯನ್ನು ರೋಗವೆಂದು ಕಂಡದ್ದು ಇಂದು ನಿನ್ನೆಯಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ನಿಂದ್ಯವೆಂದು ಎಣಿಸಿದ ಎಂಟು ಬಗೆಯ ದೇಹಗಳಲ್ಲಿ ಅತಿಸ್ಥೂಲವೂ ಒಂದು, ಅತಿಕೃಶವೂ ಒಂದು. ಆಯುಸ್ಸು ಕುಗ್ಗುವುದು, ಅತಿಯಾದ ಬೆವರು, ಅತಿಯಾದ ಹಸಿವು, ಬಾಯಾರಿಕೆ ಎಂದು ಸ್ಥೂಲದ ದೋಷಗಳನ್ನು ಅದು ಪಟ್ಟಿಮಾಡುತ್ತದೆ. ನನ್ನನ್ನು ತಡೆದು ನಿಲ್ಲಿಸಿದ್ದು ಕಾರಣಗಳ ಸಾಲು. ಸಿಹಿ, ಜಿಡ್ಡು, ಹಗಲುನಿದ್ದೆ, ವ್ಯಾಯಾಮವಿಲ್ಲದಿರುವುದು ಇವೆಲ್ಲದರ ಜೊತೆಗೆ ‘ಬೀಜಸ್ವಭಾವ’ ಎಂಬ ಮಾತೂ ಅಲ್ಲಿದೆ. ತಂದೆತಾಯಿಯಿಂದ ಬಂದದ್ದು ಎಂದು ಅದರ ತಾತ್ಪರ್ಯ. ಬಾಯಿಗೆ ಬೀಗ ಹಾಕಿಸುವವರು ಈ ಒಂದು ಮಾತನ್ನು ಮರೆತರು.

ಚೀಟಿಯ ಮೇಲಿನ ಸಂಖ್ಯೆಗೂ ಒಂದು ಚರಿತ್ರೆಯಿದೆ. 1832ರಲ್ಲಿ ಬೆಲ್ಜಿಯಂನ ಖಗೋಳಜ್ಞ ಅಡಾಲ್ಫ್ ಕೆಟ್ಲೆ, ಬೆಳೆದ ಮನುಷ್ಯರ ತೂಕ ಎತ್ತರದ ವರ್ಗಕ್ಕೆ (ಎತ್ತರವನ್ನು ಎತ್ತರದಿಂದಲೇ ಗುಣಿಸಿದಾಗ ಬರುವುದಕ್ಕೆ) ಅನುಗುಣವಾಗಿ ಹೆಚ್ಚುತ್ತದೆ ಎಂದು ತೋರಿಸಿದ. ಅವನು ಹುಡುಕುತ್ತಿದ್ದದ್ದು ಸರಾಸರಿ ಮನುಷ್ಯನನ್ನು, ರೋಗಿಯನ್ನಲ್ಲ. 1972ರಲ್ಲಿ ಅಮೆರಿಕದ ಶರೀರಶಾಸ್ತ್ರಜ್ಞ ಆನ್ಸೆಲ್ ಕೀಸ್, ಕಿಲೋಗಳಲ್ಲಿನ ತೂಕವನ್ನು ಮೀಟರುಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿದಾಗ ಸಿಗುವ ಸೂಚ್ಯಂಕಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂದು ಹೆಸರಿಟ್ಟ. ಅವನು ಲೆಕ್ಕಕ್ಕೆ ತೆಗೆದುಕೊಂಡದ್ದು ಐದು ದೇಶಗಳ ಏಳು ಸಾವಿರಕ್ಕೂ ಹೆಚ್ಚು ಗಂಡಸರನ್ನು. ಅವರಲ್ಲಿ ಹೆಂಗಸರಿರಲಿಲ್ಲ, ಭಾರತವೂ ಆ ಐದರಲ್ಲಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಈ ಸೂಚ್ಯಂಕ 25 ಮುಟ್ಟಿದರೆ ಅಧಿಕ ತೂಕ, 30 ಮುಟ್ಟಿದರೆ ಸ್ಥೂಲಕಾಯ. ಭಾರತೀಯ ತಜ್ಞರು 2009ರಲ್ಲಿ ಆ ಗೆರೆಗಳನ್ನು 23ಕ್ಕೆ, 25ಕ್ಕೆ ಇಳಿಸಿದರು. ನನ್ನ ತಂಗಿಯದು 26.4. ಲಂಡನ್ನಿನಲ್ಲಾಗಿದ್ದರೆ ಅವಳಿಗೆ ಸಿಗುತ್ತಿರದ ಹೆಸರು ಇಲ್ಲಿ ಸಿಕ್ಕಿತು.

ಗೆರೆ ಇಳಿಸಿದ್ದು ಸುಮ್ಮನೆ ಅಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ನಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್‌ಕಿನ್ 2004ರಲ್ಲಿ ತಮ್ಮ ದೇಹಗಳನ್ನೇ ಅಳೆಸಿಕೊಂಡರು. ಇಬ್ಬರ ಸೂಚ್ಯಂಕವೂ 22.3. ಯುಡ್‌ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ನಿಕ್ ಅವರ ದೇಹದಲ್ಲಿ ಶೇ. 21.2. ಹೊರಗೆ ತೆಳ್ಳಗೆ, ಒಳಗೆ ಕೊಬ್ಬು. ಇಂಥ ದೇಹಕ್ಕೆ ಬರುವ ರೋಗಗಳ ಬೇರು ತಾಯಿಯ ಗರ್ಭದವರೆಗೆ ಹೋಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದ ಮೈಸೂರಿನಲ್ಲೇ ಆಧಾರ ಸಿಕ್ಕಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಹಸುಗೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟುಕೊಂಡು ಬಂದಿತ್ತು. ಆ ಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದೊಂದಿಗೆ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡಿತು. ಆ ದಾದಿಯರ ಅಚ್ಚುಕಟ್ಟುತನಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ.

ಎಲ್ಲ ಕೊಬ್ಬೂ ಒಂದೇ ಅಲ್ಲ ಎಂಬುದೂ ಈಗ ತಿಳಿದಿದೆ. ತೊಡೆಯ ಚರ್ಮದಡಿಯ ಕೊಬ್ಬು ಅಷ್ಟಾಗಿ ಕೆಡುಕು ಮಾಡುವುದಿಲ್ಲ. ಕರುಳು, ಯಕೃತ್ತುಗಳ ಸುತ್ತ ಕೂಡಿದ ಕೊಬ್ಬು ಯಕೃತ್ತನ್ನು ಜಿಡ್ಡಾಗಿಸುತ್ತದೆ, ರಕ್ತದ ಸಕ್ಕರೆಯನ್ನು ಹದದಲ್ಲಿಡುವ ಇನ್ಸುಲಿನ್ನಿನ ಕೆಲಸ ಕೆಡಿಸುತ್ತದೆ. ಹಾಗಾಗಿ ಸೊಂಟದ ಅಳತೆ ಮುಖ್ಯ: ಭಾರತದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಎಂಬುದು ಎಚ್ಚರಿಕೆಯ ಗೆರೆ. ಅಜ್ಜನ ಚೇಲೆಯನ್ನು (ಸೊಂಟಕ್ಕೆ ಸುತ್ತುವ ಪಟ್ಟಿ) ಮೊಮ್ಮಗ ಕೊಡವರ ನಿಲುವಂಗಿಯಾದ ಕುಪ್ಯದ ಮೇಲೆ ಸುತ್ತಿದಾಗ ತುದಿ ಎಷ್ಟು ಉಳಿಯುತ್ತದೆ ಎಂಬುದು ತಕ್ಕಡಿಗಿಂತ ನಿಜವಾದ ಮಾತು ಹೇಳುತ್ತದೆ. ‘ಬೊಜ್ಜು’ ಎನ್ನುವಾಗ ಹೊಟ್ಟೆಗೆ ಹೋಗುವ ಕೈ ಸರಿಯಾದ ಜಾಗಕ್ಕೇ ಹೋಗುತ್ತಿತ್ತು.

ಇನ್ನು ಬಾಯಿಯ ಬೀಗದ ವಿಷಯ. 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು, ಎಷ್ಟು ತಿಂದರೂ ತೃಪ್ತಿಯಾಗದ ಒಂದು ತಳಿಯ ಇಲಿಗಳಲ್ಲಿ ಕೆಟ್ಟಿದ್ದ ಜೀನನ್ನು ಗುರುತಿಸಿದರು. ಆ ಜೀನು ತಯಾರಿಸಬೇಕಾದ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಾಯಿತು. ಅದನ್ನು ಸ್ರವಿಸುವುದು ಕೊಬ್ಬಿನ ಜೀವಕೋಶಗಳೇ. ‘ಇಲ್ಲಿ ದಾಸ್ತಾನಿದೆ’ ಎಂದು ಅವು ಮಿದುಳಿಗೆ ಹೇಳಿಕಳುಹಿಸುತ್ತವೆ. ಉಪವಾಸದಿಂದ ತೂಕ ಇಳಿಸಿದಾಗ ಲೆಪ್ಟಿನ್ ಕುಸಿಯುತ್ತದೆ, ಹಸಿವು ಏರುತ್ತದೆ, ದೇಹ ಖರ್ಚು ಬಿಗಿಹಿಡಿಯುತ್ತದೆ. ಇಳಿಸಿದ ತೂಕ ಮರಳಿ ಬಂದವರನ್ನು ಸೋಮಾರಿ ಎನ್ನುವುದು ಕ್ರೌರ್ಯ. 2013ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ಸ್ಥೂಲಕಾಯವನ್ನು ರೋಗವೆಂದೇ ಒಪ್ಪಿಕೊಂಡಿತು. 2025ರ ಜನವರಿಯಲ್ಲಿ ಅಂತರರಾಷ್ಟ್ರೀಯ ತಜ್ಞರ ಆಯೋಗವೊಂದು, ಸೂಚ್ಯಂಕ ಒಂದರಿಂದಲೇ ತೀರ್ಮಾನಿಸಬೇಡಿ, ಕೊಬ್ಬು ಅಂಗಾಂಗಗಳಿಗೆ ತೊಂದರೆ ಮಾಡಿದೆಯೇ ನೋಡಿ ಎಂದಿತು. ಹಸಿವನ್ನು ತಗ್ಗಿಸುವ ಸೆಮಾಗ್ಲುಟೈಡ್‌ನಂತಹ ಔಷಧಗಳು ಕೆಲಸ ಮಾಡುತ್ತವೆ. ನಿಲ್ಲಿಸಿದರೆ ಬಹುಪಾಲು ತೂಕ ಮರಳುತ್ತದೆ.

ಕೊಡಗಿನವರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಪಂದಿಕರಿಗೆ (ಹಂದಿಮಾಂಸದ ಸಾರು) ಹಾಕುವ ನಮ್ಮ ಹುಳಿಯಾದ ಕಾಚಂಪುಳಿಯ ಹಣ್ಣನ್ನೇ ‘ಗಾರ್ಸೀನಿಯಾ’ ಎಂಬ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಜಗತ್ತಿನಾದ್ಯಂತ ಮಾರುತ್ತಾರೆ. ಅದರ ಆಮ್ಲವನ್ನು 135 ಜನರ ಮೇಲೆ 12 ವಾರ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಹುಸಿಮಾತ್ರೆ ನುಂಗಿದವರಿಗಿಂತ ಆ ಆಮ್ಲ ನುಂಗಿದವರ ತೂಕ ಹೆಚ್ಚೇನೂ ಇಳಿದಿರಲಿಲ್ಲ. ಅಂಥ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಕಾಚಂಪುಳಿ ಅಡುಗೆಮನೆಯಲ್ಲಿರಲಿ.

ತಂಗಿಯನ್ನು ಇನ್ನೊಬ್ಬ ವೈದ್ಯರ ಬಳಿ ಕರೆದುಕೊಂಡು ಹೋದೆ. ಅವರು ಸೊಂಟ ಅಳೆದರು, ನಿದ್ದೆಯ ಬಗ್ಗೆ, ಅಮ್ಮನ ಸಕ್ಕರೆ ಕಾಯಿಲೆಯ ಬಗ್ಗೆ ಕೇಳಿದರು. ಮನೆಗೆ ಬಂದು ಇದನ್ನೆಲ್ಲ ಹೇಳುತ್ತಿದ್ದಾಗ ದೊಡ್ಡಮ್ಮ ಅಕ್ಕಿ ಆರಿಸುತ್ತಾ ಕೇಳಿಸಿಕೊಂಡರು. ಅವರ ತೂಕ 48 ಕಿಲೋ. ಹತ್ತು ವರ್ಷದಿಂದ ಸಕ್ಕರೆಯ ಮಾತ್ರೆ ನುಂಗುತ್ತಿದ್ದಾರೆ. ‘ನನ್ನಂಥ ಕಡ್ಡಿಗೆ ಇದು ಹೇಗೆ ಬಂತು’ ಎಂದು ಅಷ್ಟೂ ವರ್ಷ ಕೇಳುತ್ತಿದ್ದವರು ಅವರು. ಮೊರ ಪಕ್ಕಕ್ಕಿಟ್ಟು, ಹೊಲಿಗೆ ಯಂತ್ರದ ಡ್ರಾಯರಿನಿಂದ ಟೇಪು ತೆಗೆದು ತಂಗಿಯ ಕೈಗೆ ಕೊಟ್ಟರು. 83 ಬಂತು.