ನವಜಾತ ಶಿಶುವಿನ ಆ್ಯಂಟಿಬಯಾಟಿಕ್: ಡೋಸ್ ಎಲ್ಲಿಂದ ಬರುತ್ತದೆ?

ಒಂದೂವರೆ ಕಿಲೋ ತೂಕದ ಶಿಶುವಿಗೆ ಅಮಿಕಾಸಿನ್ ಕೊಡಬೇಕಾಗಿದೆ ಎಂದುಕೊಳ್ಳಿ. ಕಿಲೋಗೆ 15 ಮಿಲಿಗ್ರಾಂನಂತೆ ಲೆಕ್ಕ ಹಾಕಿದರೆ 22.5 ಮಿಲಿಗ್ರಾಂ. ದೊಡ್ಡವರಿಗೆಂದು ಬರುವ 500 ಮಿಲಿಗ್ರಾಂ ವಯಲ್‌ನಲ್ಲಿ ಇರುವುದು 2 ಮಿಲಿಲೀಟರ್ ದ್ರವ. ಅದರಲ್ಲಿ ಈ ಶಿಶುವಿಗೆ ಸೇರಬೇಕಾದದ್ದು 0.09 ಮಿಲಿಲೀಟರ್, ಅಂದರೆ ಎರಡು ಹನಿಗೂ ಕಡಿಮೆ. ನರ್ಸ್ ಅದನ್ನು ತೆಳುಗೊಳಿಸಿ, ಮತ್ತೊಮ್ಮೆ ಲೆಕ್ಕ ಹಾಕಿ, ಇನ್ನೊಬ್ಬರಿಂದ ಪರೀಕ್ಷಿಸಿಕೊಂಡು ಕೊಡುತ್ತಾರೆ. ದಶಮಾಂಶದ ಚುಕ್ಕಿ ಒಂದು ಮನೆ ಆಚೀಚೆ ಆದರೆ ಹತ್ತು ಪಟ್ಟು ಔಷಧ ಒಳಗೆ ಹೋಗುತ್ತದೆ.

ಸಿರಿಂಜಿಗೆ ಔಷಧ ಎಳೆಯುವ ಕೈ ಎಷ್ಟೇ ಜಾಗರೂಕವಾಗಿದ್ದರೂ, ಆ 15 ಎಂಬ ಅಂಕಿಯೇ ತಪ್ಪಾಗಿದ್ದರೆ ಏನು ಮಾಡುವುದು? ಅನೇಕ ಆ್ಯಂಟಿಬಯಾಟಿಕ್‌ಗಳ ವಿಷಯದಲ್ಲಿ ಬಹುಕಾಲ ನಡೆದದ್ದು ಇಷ್ಟೇ: ದೊಡ್ಡವರ ಡೋಸನ್ನು ತೂಕಕ್ಕೆ ತಕ್ಕಂತೆ ಇಳಿಸಿ ಕೊಡುವುದು. ನವಜಾತ ಶಿಶುವಿನ ದೇಹ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಅದರ ತೂಕದ ಮುಕ್ಕಾಲು ಭಾಗ ನೀರು, ಹಾಗಾಗಿ ಜೆಂಟಾಮೈಸಿನ್, ಅಮಿಕಾಸಿನ್‌ನಂಥ ನೀರಿನಲ್ಲಿ ಕರಗುವ ಔಷಧಗಳು ಹರಡಿಕೊಂಡುಬಿಡುತ್ತವೆ. ಒಂದು ಬಾರಿಯ ಡೋಸ್ ಕಿಲೋವಾರು ಲೆಕ್ಕದಲ್ಲಿ ಹೆಚ್ಚು ಬೇಕು. ಆದರೆ ಮೂತ್ರಪಿಂಡ ಇನ್ನೂ ಪಳಗಿಲ್ಲ, ಔಷಧ ನಿಧಾನವಾಗಿ ಹೊರಹೋಗುತ್ತದೆ. ಆದ್ದರಿಂದ ಎರಡು ಡೋಸ್‌ಗಳ ನಡುವೆ ಅಂತರವೂ ಹೆಚ್ಚು ಬೇಕು. ಎರಡು ವಾರದಲ್ಲಿ ಇದೇ ಮೂತ್ರಪಿಂಡದ ಕೆಲಸ ಸುಮಾರು ಇಮ್ಮಡಿಯಾಗುತ್ತದೆ. ಸೋಮವಾರ ಸರಿಯಾಗಿದ್ದ ಡೋಸ್ ಮುಂದಿನ ವಾರಕ್ಕೆ ಸಾಲದೆ ಹೋಗಬಹುದು.

ಇದನ್ನು ವೈದ್ಯಲೋಕ ಕಲಿತದ್ದು ಮಕ್ಕಳ ಪ್ರಾಣ ತೆತ್ತು. 1950ರ ದಶಕದಲ್ಲಿ ಅಮೆರಿಕದಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಸೋಂಕು ಬಾರದಿರಲೆಂದು ಕ್ಲೋರಾಂಫೆನಿಕಾಲ್ ಕೊಡುತ್ತಿದ್ದರು. ಅದನ್ನು ಪಡೆದ ಶಿಶುಗಳೇ ಹೆಚ್ಚು ಸಾಯುತ್ತಿದ್ದಾರೆ ಎಂಬುದು ಹೋಲಿಸಿ ನೋಡಿದ ಅಧ್ಯಯನದಿಂದ 1959ರಲ್ಲಿ ಬಯಲಾಯಿತು. ಮೈ ಬೂದುಬಣ್ಣಕ್ಕೆ ತಿರುಗಿ, ಹೊಟ್ಟೆ ಉಬ್ಬಿ, ರಕ್ತದೊತ್ತಡ ಕುಸಿಯುತ್ತಿತ್ತು. ಎಳೆಯ ಯಕೃತ್ತಿಗೆ ಆ ಔಷಧವನ್ನು ವಿಂಗಡಿಸಿ ಹೊರಹಾಕುವ ಶಕ್ತಿಯಿರಲಿಲ್ಲ. ದೊಡ್ಡ ಮಕ್ಕಳಿಗೆ ನಾವು ದಿನವೂ ಬರೆಯುವ ಸೆಫ್ಟ್ರಿಯಾಕ್ಸೋನ್ ಕೂಡ ಕಾಮಾಲೆ ಇರುವ ನವಜಾತ ಶಿಶುವಿಗೆ ಸಲ್ಲದು. ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುವ ಬಿಲಿರುಬಿನ್ (ಕಾಮಾಲೆಯ ಹಳದಿ ವಸ್ತು) ಅನ್ನು ಅದು ಕಿತ್ತು ಬಿಡಿಸುತ್ತದೆ, ಕ್ಯಾಲ್ಸಿಯಂ ಇರುವ ಡ್ರಿಪ್ ಜೊತೆಗೆ ಸೇರಿದರೆ ಗಟ್ಟಿಗಟ್ಟುತ್ತದೆ.

ಹಾಗಿದ್ದೂ ಹೊಸ ಔಷಧ ಬೇಕೇ ಬೇಕು. 2018ರಿಂದ 2020ರವರೆಗೆ ಭಾರತವೂ ಸೇರಿ 11 ದೇಶಗಳ 19 ಆಸ್ಪತ್ರೆಗಳಲ್ಲಿ ಸೆಪ್ಸಿಸ್ (ಮೈಯೆಲ್ಲ ಆವರಿಸುವ ತೀವ್ರ ಸೋಂಕು) ಶಂಕೆಯ 3,200ಕ್ಕೂ ಹೆಚ್ಚು ಶಿಶುಗಳನ್ನು ಗಮನಿಸಿದ ನಿಯೋ-ಆಬ್ಸ್ ಅಧ್ಯಯನದಲ್ಲಿ ನೂರರಲ್ಲಿ ಸುಮಾರು 11 ಶಿಶುಗಳು ತೀರಿಕೊಂಡವು. ರಕ್ತದ ಕಲ್ಚರ್‌ನಲ್ಲಿ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಹೆಚ್ಚಾಗಿ ಕಂಡದ್ದು ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ. ವೈದ್ಯರು ಬಳಸಿದ ಆ್ಯಂಟಿಬಯಾಟಿಕ್ ಜೋಡಣೆಗಳು ಇನ್ನೂರಕ್ಕೂ ಹೆಚ್ಚು! ನನ್ನನ್ನು ಕಲಕಿದ್ದು ಈ ಕೊನೆಯ ಅಂಕಿ. ಮೊದಲು ಕೊಡುವ ಆ್ಯಂಪಿಸಿಲಿನ್ ಮತ್ತು ಜೆಂಟಾಮೈಸಿನ್ ಕೈಕೊಟ್ಟ ಮೇಲೆ ಏನು ಕೊಡಬೇಕೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲದಿದ್ದಾಗ ಪ್ರತಿ ವಾರ್ಡ್ ತನಗೆ ತೋಚಿದ ದಾರಿ ಹಿಡಿಯುತ್ತದೆ.

ಹಾಗಾದರೆ ಶಿಶುಗಳಿಗೆ ಕೊಡುವ ಔಷಧದ ಮೌಲ್ಯಮಾಪನ ಹೇಗಿರಬೇಕು? ನಾನು ಕಿರಿಯ ವೈದ್ಯರಿಗೆ ತೋರಿಸುವುದು ಫಾಸ್ಫೊಮೈಸಿನ್‌ನ ಉದಾಹರಣೆ. 1969ರಲ್ಲಿ ಸ್ಪೇನಿನ ಮಣ್ಣಿನ ಸೂಕ್ಷ್ಮಾಣುಗಳಿಂದ ಸಿಕ್ಕ ಹಳೆಯ ಔಷಧವದು. ಅಣು ಚಿಕ್ಕದು, ರಕ್ತದ ಪ್ರೋಟೀನಿಗೆ ಅಂಟುವುದು ತೀರಾ ಕಡಿಮೆ, ಮಿದುಳಿನ ಸುತ್ತಲ ದ್ರವಕ್ಕೂ ಹೋಗುತ್ತದೆ. ಶಿಶುವಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ತೊಡಕು ಇರುವುದು ಉಪ್ಪಿನಲ್ಲಿ. ರಕ್ತನಾಳಕ್ಕೆ ಕೊಡುವ ಫಾಸ್ಫೊಮೈಸಿನ್‌ನ ಪ್ರತಿ ಗ್ರಾಂನಲ್ಲಿ ಸುಮಾರು 14 ಮಿಲಿಮೋಲ್ ಸೋಡಿಯಂ ಇದೆ. ಕಿಲೋಗೆ 100 ಮಿಲಿಗ್ರಾಂನಂತೆ ದಿನಕ್ಕೆರಡು ಬಾರಿ ಕೊಟ್ಟರೆ ಕಿಲೋಗೆ 2.8 ಮಿಲಿಮೋಲ್ ಒಳಸೇರುತ್ತದೆ. ನವಜಾತ ಶಿಶುವಿಗೆ ದಿನವೊಂದಕ್ಕೆ ಬೇಕಾಗುವ ಸೋಡಿಯಂ ಸಾಮಾನ್ಯವಾಗಿ ಕಿಲೋಗೆ 2ರಿಂದ 3 ಮಿಲಿಮೋಲ್. ಅಂದರೆ ಇಡೀ ದಿನದ ಉಪ್ಪು ಬರಿಯ ಔಷಧದಿಂದಲೇ ಬಂದುಬಿಡುತ್ತದೆ. ಡ್ರಿಪ್‌ನದು, ಹಾಲಿನದು ಬೇರೆ.

ಕೆನ್ಯಾದ ಕಿಲಿಫಿಯಲ್ಲಿ 2018–19ರಲ್ಲಿ 120 ಶಿಶುಗಳ ಮೇಲೆ ನಡೆದ ಪರೀಕ್ಷೆ ಈ ಅನುಮಾನವನ್ನೇ ನೇರವಾಗಿ ಎದುರಿಸಿತು. ಅರ್ಧದಷ್ಟು ಶಿಶುಗಳಿಗೆ ಎಂದಿನ ಚಿಕಿತ್ಸೆ, ಉಳಿದವಕ್ಕೆ ಅದರ ಜೊತೆಗೆ ಫಾಸ್ಫೊಮೈಸಿನ್, ಮೊದಲು ರಕ್ತನಾಳಕ್ಕೆ, ಆಮೇಲೆ ಬಾಯಿಗೆ. ರಕ್ತದ ಸೋಡಿಯಂನಲ್ಲಿ ಆತಂಕಪಡುವ ಏರಿಕೆ ಕಾಣಲಿಲ್ಲ. ಬಾಯಿಗೆ ಹಾಕಿದ ಔಷಧದಲ್ಲಿ ಸುಮಾರು ಅರ್ಧ ಮಾತ್ರ ರಕ್ತ ಸೇರುತ್ತದೆ ಎಂದು ತಿಳಿಯಿತು. ಬಹುಪಾಲು ಶಿಶುಗಳಿಗೆ ಕಿಲೋಗೆ 150 ಮಿಲಿಗ್ರಾಂ ದಿನಕ್ಕೆರಡು ಬಾರಿ ಬೇಕು, ಮೊದಲ ವಾರದ ಶಿಶುಗಳಿಗೂ ಒಂದೂವರೆ ಕಿಲೋಗಿಂತ ಹಗುರವಾದವಕ್ಕೂ 100 ಸಾಕು ಎಂಬ ಸಲಹೆ ಹೊರಬಂತು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು: 34 ವಾರ ತುಂಬುವ ಮುನ್ನ ಹುಟ್ಟಿದವರನ್ನೂ ಒಂದೂವರೆ ಕಿಲೋ ತೂಗದವರನ್ನೂ ಈ ಪರೀಕ್ಷೆಗೆ ಸೇರಿಸಿಕೊಂಡಿರಲಿಲ್ಲ. ಅತಿ ಪುಟ್ಟ ಶಿಶುಗಳಿಗೆ ಹೇಳಿದ ಅಂಕಿ ಗಣಿತದ ಮಾದರಿಯಿಂದ ಬಂದದ್ದು. ಎನ್‌ಐಸಿಯುವಿನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೆಪ್ಸಿಸ್‌ಗೆ ಹೆಚ್ಚು ಬಲಿಯಾಗುವವರು ಅವರೇ.

ಆ ಪುಟ್ಟವರಲ್ಲಿ ಅಳೆಯುವುದು ಸುಲಭವೂ ಅಲ್ಲ. ಒಂದು ಕಿಲೋ ಶಿಶುವಿನ ಮೈಯಲ್ಲಿರುವ ರಕ್ತ ಸುಮಾರು 80ರಿಂದ 90 ಮಿಲಿಲೀಟರ್, ಒಂದು ಸಣ್ಣ ಲೋಟದಷ್ಟೂ ಇಲ್ಲ. ಸಂಶೋಧನೆಗೆಂದು ಒಂದು ಸಲಕ್ಕೆ ಅದರ ಶೇಕಡಾ 1ಕ್ಕಿಂತ, ನಾಲ್ಕು ವಾರಗಳಲ್ಲಿ ಶೇಕಡಾ 3ಕ್ಕಿಂತ ಹೆಚ್ಚು ತೆಗೆಯಬಾರದೆಂದು ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಚಿಕಿತ್ಸೆಯ ಕಲ್ಚರ್‌ಗೇ ಒಂದು ಮಿಲಿಲೀಟರ್ ಬೇಕು. ಆದ್ದರಿಂದ ಪ್ರತಿ ಶಿಶುವಿನಿಂದ ಎರಡು ಮೂರು ಚಿಕ್ಕ ಮಾದರಿಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ತೆಗೆದು, ಎಲ್ಲ ಶಿಶುಗಳ ಅಂಕಿಗಳನ್ನು ಒಟ್ಟುಗೂಡಿಸಿ ಔಷಧದ ಏರಿಳಿತವನ್ನು ಕಟ್ಟುತ್ತಾರೆ.

“ನಮ್ಮ ಕೂಸಿನ ಮೇಲೆ ಪ್ರಯೋಗ ಮಾಡುತ್ತೀರಾ ಸಾರ್?” ಎಂದು ತಂದೆಯರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಒಪ್ಪುವುದೂ ಬಿಡುವುದೂ ಅವರ ಹಕ್ಕು, ಬಿಟ್ಟರೆ ಚಿಕಿತ್ಸೆಯಲ್ಲಿ ಕಿಂಚಿತ್ತೂ ಕೊರತೆಯಾಗಬಾರದು. ಆದರೆ ಪರೀಕ್ಷೆಯಾಗದ ಔಷಧವನ್ನು ಅಂದಾಜಿನ ಡೋಸ್‌ನಲ್ಲಿ ಕೊಟ್ಟಾಗಲೂ ಪ್ರಯೋಗ ನಡೆದೇ ಇರುತ್ತದೆ ಎಂದು ನಾನು ಅವರಿಗೆ ಹೇಳುತ್ತೇನೆ. ಅಲ್ಲಿ ನೈತಿಕ ಸಮಿತಿ ಇರುವುದಿಲ್ಲ, ಬರೆದಿಡುವವರಿರುವುದಿಲ್ಲ, ಮುಂದಿನ ಶಿಶುವಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಡೋಸ್ ತಿಳಿದ ಮಾತ್ರಕ್ಕೆ ಔಷಧ ಜೀವ ಉಳಿಸುತ್ತದೆ ಎಂದು ಸಾಬೀತಾಗುವುದಿಲ್ಲ. ಐದಾರು ವರ್ಷದ ಮಗುವಾದರೆ, ಕಾಯಿಲೆ ಮತ್ತು ರೋಗಾಣು ದೊಡ್ಡವರದ್ದೇ ಆಗಿದ್ದಾಗ, ರಕ್ತದಲ್ಲಿ ಔಷಧದ ಮಟ್ಟ ಅವರಷ್ಟೇ ಇದೆಯೆಂದು ತೋರಿಸಿದರೆ ಬಹುತೇಕ ಸಾಕು. ನವಜಾತ ಶಿಶುವಿನಲ್ಲಿ ಹಾಗಲ್ಲ: ಜ್ವರದ ಬದಲು ಮೈ ತಣ್ಣಗಾಗಬಹುದು, ರಕ್ತದ ಸೋಂಕಿನ ಜೊತೆಗೇ ಮಿದುಳುಪೊರೆಯ ಸೋಂಕೂ ಇರಬಹುದು. ಇದಕ್ಕಾಗಿಯೇ ನಿಯೋಸೆಪ್1 ಎಂಬ ದೊಡ್ಡ ಪರೀಕ್ಷೆ ಕೆನ್ಯಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಶುರುವಾಗಿದೆ. ಸುಮಾರು 3,000 ಶಿಶುಗಳನ್ನು ಸೇರಿಸಿಕೊಳ್ಳುವ ಯೋಜನೆ. ಒಂಟಿಯಾಗಿ ಕೊಟ್ಟರೆ ಫಾಸ್ಫೊಮೈಸಿನ್‌ಗೆ ರೋಗಾಣು ಬೇಗ ಜಗ್ಗದಂತಾಗುವುದರಿಂದ ಅಲ್ಲಿ ಅದನ್ನು ಅಮಿಕಾಸಿನ್ ಅಥವಾ ಫ್ಲೊಮಾಕ್ಸೆಫ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಜೊತೆಗೂಡಿಸಿ ಕೊಡುತ್ತಾರೆ. ಪ್ರತಿ ಆಸ್ಪತ್ರೆಯೂ ತನ್ನಲ್ಲಿರುವ ರೋಗಾಣುಗಳಿಗೆ ಹೊಂದುವ ಜೋಡಿಗಳನ್ನು ಮಾತ್ರ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ, ಆ ಪಟ್ಟಿಯೊಳಗಿನಿಂದ ಯಾವ ಶಿಶುವಿಗೆ ಯಾವುದೆಂದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ, 28ನೆಯ ದಿನಕ್ಕೆ ಎಷ್ಟು ಶಿಶುಗಳು ಉಳಿದಿವೆ ಎಂದು ಎಣಿಸುತ್ತಾರೆ.